ಎಲಿಡೆಯ ಮನೆಯ ಧೂಳು

ಎಲಿಡೆ ಬೊರ್ತೊಲುಸ್ಸಿಯ ಮದುವೆಯ ದಿನ ಗಂಡನ ಜಾಗದಲ್ಲಿ ನಿಂತವನು ಅವಳ ಸೋದರಮಾವ. ಗಂಡ ಸೆವೆರಿನೊ ಆಗ ಸಮುದ್ರದಾಚೆ, ಪಶ್ಚಿಮ ಆಸ್ಟ್ರೇಲಿಯಾದ ಡ್ಯಾಲೊ ಎಂಬ ಗಣಿಯೂರಿನಲ್ಲಿದ್ದ. ಅಲ್ಲಿನ ನೀಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಗಿರಣಿಯಲ್ಲಿ ಚೀಲ ತುಂಬುವುದು ಅವನ ಕೆಲಸ. ಇಟಲಿಯ ಫ್ರಿಯುಲಿಯಲ್ಲಿದ್ದ ತಮ್ಮ ಹಳ್ಳಿಯ ಇಗರ್ಜಿಯಲ್ಲಿ ಮಾವನ ಪಕ್ಕ ನಿಂತು ಒಪ್ಪಿಗೆ ಹೇಳಿ, ಹಡಗು ಹತ್ತಿ, ರೈಲು ಇಳಿದು, ಕೊನೆಗೆ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಅವಳು ಬಂದು ಸೇರಿದ್ದು ಕೆಂಪು ಗುಡ್ಡಗಳ ನಡುವಿನ ಒಂದು ತಗಡಿನ ಮನೆಗೆ. ಐವತ್ತರ ದಶಕದ ಮಾತು. ಊರ ತುಂಬ ಇಟಲಿಯವರೇ ಇದ್ದುದರಿಂದ ಇಂಗ್ಲಿಷಿಲ್ಲದೆಯೂ ಬಾಳಬಹುದಿತ್ತು. ಆದರೆ ಎಲಿಡೆಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಬಂದ ತಿಂಗಳೇ ಗಣಿಯವರ ಅತಿಥಿಗೃಹದಲ್ಲಿ ಕಸಮುಸುರೆಯ ಕೆಲಸ ಹಿಡಿದಳು.

ಅತಿಥಿಗೃಹದ ಯಜಮಾನಿ ಬೆರಿಲ್ ದಪ್ಪ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಮೊದಲ ದಿನ ಅವಳು ಎಲಿಡೆಯ ಕೈಗೊಂದು ಬಟ್ಟೆ ಕೊಟ್ಟು ಕಪಾಟಿನತ್ತ ಬೆರಳು ಮಾಡಿ, "ಡಸ್ಟ್ ಮಾಡು" ಎಂದಳು. ಡಸ್ಟ್ ಅಂದರೆ ಧೂಳು ಎಂಬಷ್ಟು ಎಲಿಡೆ ಹಡಗಿನಲ್ಲೇ ಕಲಿತಿದ್ದಳು. ಧೂಳು ಮಾಡು ಎನ್ನುತ್ತಾಳಲ್ಲ, ಹೊರಗಿರುವುದು ಸಾಲದೇ ಎಂದು ಒಂದು ಗಳಿಗೆ ಪೆಚ್ಚಾಗಿ ನಿಂತಳು. ಆಮೇಲೆ ಕೈಯಲ್ಲಿದ್ದ ಬಟ್ಟೆ ನೋಡಿ ಅರ್ಥವಾಯಿತು. ಒರೆಸು ಎನ್ನುತ್ತಿದ್ದಾಳೆ.

ಇದಾಗಿ ಕೆಲವು ವಾರಕ್ಕೆ, ಪರ್ತ್‌ನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ಬೆರಿಲ್ ಕೇಕು ಬೇಯಿಸಿ, ಮೇಲೆ ಪುಡಿಸಕ್ಕರೆ ಜರಡಿ ಹಿಡಿಯುತ್ತಿದ್ದವಳು ಬಾಗಿಲಲ್ಲಿ ಯಾರೋ ಕರೆದರೆಂದು ಹೋಗುತ್ತಾ, "ಆ ಕೇಕು ಡಸ್ಟ್ ಮಾಡಿಬಿಡು, ಬಂದೆ" ಎಂದಳು. ಅವಳು ವಾಪಸ್ಸು ಬರುವಷ್ಟರಲ್ಲಿ ಎಲಿಡೆ ಒದ್ದೆ ಬಟ್ಟೆ ತಂದು ಕೇಕಿನ ಮೇಲಿದ್ದ ಸಕ್ಕರೆಯನ್ನೆಲ್ಲ ಚೊಕ್ಕವಾಗಿ ಒರೆಸಿಟ್ಟಿದ್ದಳು.

"ಒರೆಸೋದಲ್ಲ ಕಣೆ, ಉದುರಿಸೋದು" ಎಂದು ಬೆರಿಲ್ ತಲೆಗೆ ಕೈ ಇಟ್ಟುಕೊಂಡಳು.

"ಅವತ್ತು ನೀನೇ ಒರೆಸೋದು ಅಂದೆ."

"ಅದೂ ಡಸ್ಟೇ, ಇದೂ ಡಸ್ಟೇ. ನಮ್ಮ ಭಾಷೇನೇ ಹಾಗೆ, ನಾನೇನು ಮಾಡ್ಲಿ ಹೇಳು."

ಕತೆ ಪಬ್‌ಗೆ ಹೋಯಿತು. ಸೆವೆರಿನೊವನ್ನು ಕಂಡಾಗಲೆಲ್ಲ, "ಏನಪ್ಪಾ, ಹೆಂಡತಿ ಇವತ್ತು ಏನು ಒರೆಸಿದಳು?" ಎಂದು ಗೆಳೆಯರು ಕಿಚಾಯಿಸುವರು. ಒಮ್ಮೆ ಗಿರಣಿಯಲ್ಲಿ ಪುಡಿ ಹೀರುವ ಗಾಳಿಯಂತ್ರ ಕೆಟ್ಟು ನಿಂತಾಗ ಅವನು ಹೋಗಿ ಮೇಸ್ತ್ರಿಯ ಬಳಿ ದೂರಿದ. ಮಾತಿಗೆ ಮಾತು ಬೆಳೆದು ತುಟಿ ಒಡೆಸಿಕೊಂಡು ಮನೆಗೆ ಬಂದ. ಡಸ್ಟ್-ಅಪ್ ಆಯಿತು ಎಂದ.

"ಬಾಯಲ್ಲಿ ರಕ್ತ ಸುರೀತಿದೆ, ಧೂಳು ಅಂತೀಯಲ್ಲ."

"ಹೊಡೆದಾಟಕ್ಕೂ ಹಂಗೇ ಅಂತಾರಂತೆ."

ಇಷ್ಟೆಲ್ಲ ಅರ್ಥವಿದ್ದ ಮಾತನ್ನು ಡ್ಯಾಲೊದಲ್ಲಿ ಯಾರೂ ಗಿರಣಿಯಿಂದ ಬರುವ ಆ ನೀಲಿ ಪುಡಿಗೆ ಮಾತ್ರ ಬಳಸುತ್ತಿರಲಿಲ್ಲ. ಸಾಹೇಬರು ಅದನ್ನು ನಾರು ಎನ್ನುವರು. ಚೀಲ ತುಂಬುವವರು ಹಿಟ್ಟು ಎನ್ನುವರು. ನಾರು ತೆಗೆದು ಉಳಿದ ಪುಡಿಗಲ್ಲಿಗೆ ಮರಳು ಎಂದು ಹೆಸರು. ಅದು ಪುಕ್ಕಟೆ ಸಿಗುತ್ತಿತ್ತು. ಮನೆ ಮುಂದೆ ಹರಡಿದರೆ ಕೆಂಪು ಮಣ್ಣು ಏಳುವುದಿಲ್ಲ ಎಂದು ಊರೆಲ್ಲ ಹರಡಿಕೊಂಡಿತ್ತು. ಎಲಿಡೆಯೂ ಒಂದು ಲಾರಿ ಹಾಕಿಸಿದಳು. ಕಾಲಿಗೆ ತಂಪಾಗಿ, ಮೆತ್ತಗೆ ಇತ್ತು. ಮಗಳು ಫ್ಲಾವಿಯಾ ಅಂಬೆಗಾಲಿಟ್ಟಿದ್ದು, ಎದ್ದು ನಿಂತಿದ್ದು, ಬಕೆಟ್ಟು ಹಿಡಿದು ಗೂಡು ಕಟ್ಟಿದ್ದು ಎಲ್ಲ ಅದರ ಮೇಲೆಯೇ. ಎಲಿಡೆಗೆ ಹಗೆ ಎಂದರೆ ಗುಡ್ಡದ ಕೆಂಪು ಧೂಳೊಂದೇ. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಹಾಜರು. ಅವಳು ಬಿಡುತ್ತಿರಲಿಲ್ಲ. ಬೊರ್ತೊಲುಸ್ಸಿ ಮನೆಯ ನೆಲದ ಮೇಲೆ ಊಟ ಬಡಿಸಬಹುದು ಎಂದು ನೆರೆಯ ಹೆಂಗಸರು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದರು.

ಫ್ಲಾವಿಯಾ ಶಾಲೆಗೆ ಸೇರಿದ ವರ್ಷ ಸೆವೆರಿನೊಗೆ ಕೆಮ್ಮು ಹತ್ತಿತು. ಗುಡ್ಡ ಹತ್ತಿದರೆ ಅರ್ಧದಲ್ಲೇ ಕೂರುವನು. ಊರಿಗೆ ಬಂದ ಡಾಕ್ಟರು ಎದೆಯ ಫೋಟೋ ತೆಗೆಸಿದರು. ಎಲಿಡೆ ಅತಿಥಿಗೃಹದ ಹಿಂಬಾಗಿಲಲ್ಲಿ ಕಾಯುತ್ತಿದ್ದಳು.

"ಏನಂದ್ರು?"

"ಡಸ್ಟೆಡ್ ಅಂದ್ರು" ಎಂದ ಸೆವೆರಿನೊ. ಅವನಿಗೂ ಪೂರ್ತಿ ತಿಳಿದಿರಲಿಲ್ಲ.

ಎಲಿಡೆಗೆ ಹೋದ ಜೀವ ಬಂದಂತಾಯಿತು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಪಳಗಿದ ಇಂಗ್ಲಿಷ್ ಅಂದರೆ ಮನೆಗೆಲಸದ ಇಂಗ್ಲಿಷ್. ಡಸ್ಟೆಡ್ ಎಂದರೆ ಒರೆಸಿ ಮುಗಿದದ್ದು, ಚೊಕ್ಕವಾದದ್ದು. "ಒಳಗೆಲ್ಲ ಶುದ್ಧ ಇದೆಯಂತೆ" ಎಂದು ಓಡಿಹೋಗಿ ಬೆರಿಲ್‌ಗೆ ಹೇಳಿದಳು. "ಡಸ್ಟೆಡ್ ಅಂದ್ರಂತೆ ಡಾಕ್ಟರು."

ಬೆರಿಲ್ ನಗಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿ, ಎಲಿಡೆಯನ್ನು ಕುರ್ಚಿಯಲ್ಲಿ ಕೂರಿಸಿದಳು. "ನೋಡು ತಾಯಿ, ಗಣಿ ಕೆಲಸದವರಿಗೆ ಡಸ್ಟೆಡ್ ಅಂದ್ರೆ ಅದಲ್ಲ. ಶ್ವಾಸಕೋಶದಲ್ಲಿ ಪುಡಿ ತುಂಬ್ಕೊಂಡಿದೆ ಅಂತ ಅರ್ಥ. ನನ್ನ ಅಪ್ಪ ಕಾಲ್ಗೂರ್ಲಿ ಚಿನ್ನದ ಗಣಿಯಲ್ಲಿದ್ದ. ಅವನಿಗೂ ಹಿಂಗೇ ಅಂದಿದ್ರು."

"ಆಮೇಲೆ?"

"ಗಂಡನ್ನ ಇಲ್ಲಿಂದ ಕರ್ಕೊಂಡು ಹೋಗು" ಎಂದಷ್ಟೇ ಹೇಳಿದಳು ಬೆರಿಲ್.

ಅವರು ದಕ್ಷಿಣಕ್ಕೆ, ಫ್ರೀಮ್ಯಾಂಟಲ್ ಬಳಿಯ ಸ್ಪಿಯರ್‌ವುಡ್‌ಗೆ ಬಂದರು. ಸೆವೆರಿನೊ ತರಕಾರಿ ಬೆಳೆಯುತ್ತೇನೆ ಎಂದುಕೊಂಡಿದ್ದ. ನೆಟ್ಟದ್ದೂ ಕಿತ್ತದ್ದೂ ಎಲಿಡೆಯೇ. ಅವನು ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಬರಬರುತ್ತಾ ಮಲಗಿ ಉಸಿರಾಡುವುದೂ ಆಗದೆ, ಮೇಜಿನ ಮೇಲೆ ದಿಂಬಿಟ್ಟು ತಲೆಯಾನಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಹೋದ. ಎಲಿಡೆ ಯಾರನ್ನೂ ದೂರಲಿಲ್ಲ. ಗಣಿಯೂ ಅಷ್ಟರಲ್ಲಿ ಮುಚ್ಚಿತ್ತು.

ಫ್ಲಾವಿಯಾ ಬೆಳೆದು ಕೇಶಾಲಂಕಾರದ ಅಂಗಡಿ ಇಟ್ಟಳು, ಮದುವೆಯಾದಳು. ಮೂವತ್ತು ದಾಟಿದ ಹೊಸತರಲ್ಲಿ ಅವಳಿಗೆ ಪಕ್ಕೆನೋವು ಶುರುವಾಯಿತು. ಕತ್ತರಿ ಹಿಡಿದ ಕೈ ಎತ್ತಲಾಗದು. ಪರ್ತ್‌ನ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಚಿಕ್ಕಂದಿನಲ್ಲಿ ಎಲ್ಲಿದ್ರಿ?" ಡ್ಯಾಲೊ ಎಂದಾಗ ಅವರು ಪೆನ್ನು ಕೆಳಗಿಟ್ಟರು. ಎದೆಯ ಪೊರೆಯ ಕ್ಯಾನ್ಸರು. ಕಲ್ನಾರಿನಿಂದ ಬರುವಂಥದು. ಗಿರಣಿಯೊಳಗೆ ಒಂದು ದಿನವೂ ಕಾಲಿಡದವಳಿಗೆ ಬಂದಿತ್ತು.

ಫ್ಲಾವಿಯಾ ಗಣಿಯ ಕಂಪನಿಯ ಮೇಲೆ ದಾವೆ ಹೂಡಿದಳು. ಅವಳ ಗಂಡನಿಗೆ ಇಷ್ಟವಿರಲಿಲ್ಲ. ಇರುವಷ್ಟು ದಿನ ನೆಮ್ಮದಿಯಾಗಿರು ಎನ್ನುತ್ತಿದ್ದ. ಅವಳು ಕೇಳಲಿಲ್ಲ. ಮನೆಯಲ್ಲಿ ಆ ಪುಡಿ ಇತ್ತು ಎಂದು ಹೇಳಬಲ್ಲ ಸಾಕ್ಷಿ ಎಲಿಡೆ ಒಬ್ಬಳೇ. ದುಭಾಷಿ ಬೇಕೇ ಎಂದು ಕೋರ್ಟಿನವರು ಕೇಳಿದರು. ಮೂವತ್ತು ವರ್ಷದ ಮೇಲಾಯಿತು ಈ ದೇಶಕ್ಕೆ ಬಂದು, ಬೇಡ ಎಂದಳು.

ಎದುರಿನ ವಕೀಲ ಮೆತ್ತಗೆ ಮಾತಾಡುವ ಮನುಷ್ಯ.

"ಮಿಸೆಸ್ ಬೊರ್ತೊಲುಸ್ಸಿ, ನಿಮ್ಮ ಮನೆ ಊರಿಗೇ ಮಾದರಿ ಅಂತಿದ್ರಂತೆ. ದಿನಾ ಡಸ್ಟ್ ಮಾಡ್ತಿದ್ರಾ?"

"ದಿನಾ. ಎರಡು ಹೊತ್ತು."

"ಅಂದ್ಮೇಲೆ ಮನೇಲಿ ಡಸ್ಟ್ ಇರ್ತಿರ್ಲಿಲ್ಲ."

"ನನ್ನ ಮನೇಲಾ?" ಎಲಿಡೆ ನೆಟ್ಟಗೆ ಕೂತಳು. "ಒಂದು ಚೂರೂ ಇರ್ತಿರ್ಲಿಲ್ಲ ಸ್ವಾಮಿ. ಯಾರನ್ನ ಬೇಕಾದ್ರೂ ಕೇಳಿ."

ವಕೀಲ ತಲೆಬಾಗಿ, ಇಷ್ಟು ಸಾಕು ಎಂದು ಕೂತ. ಎಲಿಡೆ ಕಟಕಟೆಯಿಂದ ಬೀಗುತ್ತಲೇ ಇಳಿದಳು. ಮಗಳ ಮುಖ ಕಂಡ ಮೇಲೆ, ಏನೋ ಕೆಟ್ಟಿತು ಎಂದು ಗೊತ್ತಾಯಿತು.

ಊಟದ ಬಿಡುವಿನಲ್ಲಿ ಫ್ಲಾವಿಯಾ ಬೆಂಚಿಗೊರಗಿ, ಒಂದೊಂದು ಮಾತಿಗೂ ಉಸಿರು ಹಿಡಿದು ಹೇಳಿದಳು. "ಮಮ್ಮಾ, ಅವರು ಕೇಳಿದ್ದು ಅಪ್ಪನ ಬಟ್ಟೇಲಿ ಬರ್ತಿತ್ತಲ್ಲ, ಅದನ್ನ."

"ಅದು ಧೂಳಲ್ಲ. ಅದು ಗಿರಣೀದು. ಮನೆಯೊಳಗೆ ಎಲ್ಲಿ ತರ್ತಿದ್ದೆ ನಾನು? ಹೊರಗೇ..." ಎಂದವಳು ಅಲ್ಲಿಗೆ ನಿಲ್ಲಿಸಿದಳು.

ಫ್ಲಾವಿಯಾಳ ವಕೀಲೆ, ಚಿಕ್ಕ ವಯಸ್ಸಿನವಳು, ಪಕ್ಕದಲ್ಲಿ ಬಂದು ಕೂತಳು. "ಹೊರಗೆ ಏನು ಮಾಡ್ತಿದ್ರಿ ಅಮ್ಮಾ?"

ಎಲಿಡೆ ಮಗಳ ಕಡೆ ನೋಡಿದಳು. ಅದನ್ನು ಮಗಳ ಮುಂದೆ ಹೇಳುವುದು ಅವಳಿಗೆ ಬೇಕಿರಲಿಲ್ಲ.

"ಹೇಳು ಮಮ್ಮಾ" ಎಂದಳು ಫ್ಲಾವಿಯಾ. "ಹೇಳದೇ ಇದ್ರೆ ಅವರೇ ಗೆಲ್ತಾರೆ."

ಮಧ್ಯಾಹ್ನ ಎಲಿಡೆ ಮತ್ತೆ ಕಟಕಟೆ ಹತ್ತಿದಳು. ಗಂಡ ಕೆಲಸದಿಂದ ಬಂದೊಡನೆ ಬಟ್ಟೆಯನ್ನು ಜಗಲಿಯಲ್ಲೇ ಬಿಚ್ಚಿಸುತ್ತಿದ್ದೆ ಎಂದಳು. ಒಳಗೆ ಗಲೀಜಾಗಬಾರದಲ್ಲ. ಆಮೇಲೆ ಕಟಾಂಜನದಿಂದ ಆಚೆ ಹಿಡಿದು ಬಡಿದು ಬಡಿದು ಕೊಡವುತ್ತಿದ್ದೆ. ಬಿಸಿಲಿಗೆ ಮಿನುಗುತ್ತಾ ಹಾರುತ್ತಿತ್ತು.

"ಆಗ ಮಗು ಎಲ್ಲಿರ್ತಿತ್ತು?" ಎಂದು ವಕೀಲೆ ಕೇಳಿದಳು.

"ಕೆಳಗೆ. ಮರಳ ಮೇಲೆ."

"ಏನು ಮಾಡ್ತಿತ್ತು?"

"ಕೈ ಎತ್ತಿ ಹಿಡೀತಿತ್ತು. ನಮ್ಮೂರಲ್ಲಿ ಹಿಮ ಬೀಳುತ್ತೆ. ಅವರಪ್ಪ ಕತೆ ಹೇಳಿದ್ದ. ಹಿಮ, ಹಿಮ ಅಂತ ಕುಣೀತಿತ್ತು. ಇನ್ನೊಂದು ಸಲ ಅಂತ ಕೇಳೋದು. ನಾನು ಇನ್ನೊಂದು ಸಲ ಕೊಡವ್ತಿದ್ದೆ." ಎಲಿಡೆ ನ್ಯಾಯಾಧೀಶರತ್ತ ತಿರುಗಿದಳು. "ಮನೆಯಿಂದ ತೆಗೆದೆ ಅಂದ್ಕೊಂಡಿದ್ದೆ. ನನ್ನ ಮಗಳ ಮೇಲೆ ಹಾಕ್ತಿದ್ದೆ. ದಿನಾ. ಬರ್ಕೊಳ್ಳಿ."

ಮೆತ್ತನೆಯ ವಕೀಲ ಮರುಪ್ರಶ್ನೆ ಕೇಳಲಿಲ್ಲ.

ಮನೆಗೆ ಹೋಗುವಾಗ ಅಳಿಯ ಕಾರು ಓಡಿಸುತ್ತಿದ್ದ. ತಾಯಿ ಮಗಳು ಹಿಂದೆ ಕೂತಿದ್ದರು. ನದಿ ದಾಟಿದ ಮೇಲೆ ಫ್ಲಾವಿಯಾ ಕಿಟಕಿಯಾಚೆ ನೋಡುತ್ತಲೇ, "ನಂಗೆ ನೆನಪಿದೆ ಮಮ್ಮಾ, ಆ ಹಿಮ. ಚೆನ್ನಾಗಿತ್ತು" ಎಂದಳು. ಎಲಿಡೆ ಅವಳ ಕೈ ಹಿಡಿದುಕೊಂಡಳು. ಬೆರಳುಗಳಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ.

ಆ ಚಳಿಗಾಲದಲ್ಲೇ ಫ್ಲಾವಿಯಾ ತೀರಿಕೊಂಡಳು. ಶವಸಂಸ್ಕಾರದ ಹಿಂದಿನ ದಿನ ಎಲಿಡೆ ಪಾದ್ರಿಯ ಬಳಿ ಹೋಗಿ, ಮಣ್ಣು ಹಾಕುವಾಗ ಓದುವ ಮಾತಿನಲ್ಲಿ ಡಸ್ಟ್ ಎಂದು ಬರುತ್ತದಲ್ಲ, ಅದನ್ನು ಬಿಟ್ಟು ಓದಬೇಕು ಎಂದು ಕೇಳಿಕೊಂಡಳು.

"ಅದರಲ್ಲಿ ಕೆಟ್ಟ ಅರ್ಥ ಇಲ್ಲ ತಾಯಿ. ಮನುಷ್ಯ ಬಂದಿದ್ದೇ ಅದರಿಂದ, ಹೋಗೋದೂ ಅದಕ್ಕೇ."

"ಇರಬಹುದು ಫಾದರ್. ಅರ್ಥ ಬೇಕಾದಷ್ಟಿದೆ ಅದಕ್ಕೆ. ನನ್ನ ಮಗಳ ಮೇಲೆ ಮಾತ್ರ ಅದನ್ನ ಇನ್ನು ಹಾಕಬೇಡಿ."

ಮರುದಿನ ಪಾದ್ರಿ ಆ ಸಾಲು ಬಿಟ್ಟೇ ಓದಿದರು.

ತೀರ್ಪು ಬಂದದ್ದು ಅದಾದ ಮೇಲೆ. ಫ್ಲಾವಿಯಾಳ ಕಡೆಗೇ ಆಯಿತು. ಎಲಿಡೆಯ ಮಾತನ್ನು ನ್ಯಾಯಾಧೀಶರು ಅದರಲ್ಲಿ ಪೂರ್ತಿ ಎತ್ತಿ ಬರೆದಿದ್ದರು. ಅಳಿಯ ಓದಿ ಹೇಳುತ್ತೇನೆ ಎಂದಾಗ ಅವಳು ಎದ್ದು ಹಿತ್ತಲಿಗೆ ಹೋದಳು.

ಡ್ಯಾಲೊದಲ್ಲಿ ಇದ್ದವರನ್ನೆಲ್ಲ ವರ್ಷಕ್ಕೊಮ್ಮೆ ಆಸ್ಪತ್ರೆಗೆ ಕರೆಸಿ ಎದೆ ನೋಡುವ ಏರ್ಪಾಡಾಯಿತು. ಎಲಿಡೆ ತಪ್ಪದೆ ಹೋಗುತ್ತಿದ್ದಳು. ಆ ಬಟ್ಟೆಗಳನ್ನೆಲ್ಲ ಕೈಯಾರೆ ಒಗೆದವಳು, ಕೊಡವಿದವಳು ಅವಳೇ. ಆದರೂ ಅವಳ ಎದೆಯಲ್ಲಿ ಏನೂ ಸಿಗಲಿಲ್ಲ. ಎಂಬತ್ತು ದಾಟಿದ ಮೇಲೂ ಸಿಗಲಿಲ್ಲ. ನರ್ಸು ಪ್ರತಿ ಸಲ ನಗುತ್ತಾ, ಒಳ್ಳೇ ಸುದ್ದಿ ಅಜ್ಜಿ ಎನ್ನುವಳು. ಎಲಿಡೆ ಇನ್ನೊಮ್ಮೆ ನೋಡಿ ಎಂದು ಕೇಳುವಳು. ಇನ್ನೊಮ್ಮೆ ನೋಡಿಯೂ ಅದೇ ಹೇಳಿದ ಮೇಲೆ, ಕೋಟಿನ ಗುಂಡಿ ಹಾಕಿಕೊಂಡು ತಲೆ ತಗ್ಗಿಸಿ ಬಸ್ ಸ್ಟಾಪಿನ ಕಡೆ ನಡೆಯುವಳು.