ಬಳೆಯಷ್ಟು ಬೆಳಕು

ನಮ್ಮಣ್ಣ ಮಂಜುನಾಥ ಹಗಲು ಹೊತ್ತಿನಲ್ಲೂ ಅಂಗಿ ಜೇಬಿನಲ್ಲಿ ಟಾರ್ಚ್ ಇಟ್ಟುಕೊಂಡು ಓಡಾಡುತ್ತಿದ್ದ. ಯಾವುದನ್ನೂ ಬೆರಳು ಮಾಡಿ ತೋರಿಸುವವನಲ್ಲ. ಅತ್ತಿಗೆ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕುತ್ತಿದ್ದರೆ ಬಾಗಿಲಲ್ಲೇ ನಿಂತು ಶೆಲ್ಫಿನ ಮೂಲೆಗೆ ಟಾರ್ಚ್ ಬಿಡುತ್ತಿದ್ದ. "ಬಾಯಲ್ಲಿ ಹೇಳಿದ್ರೆ ಆಗಲ್ವೇನ್ರೀ?" ಎಂದು ಅತ್ತಿಗೆ ರೇಗಿದರೆ, "ಮೇಲ್ಗಡೆ, ಎಡಗಡೆ, ಅದರ ಹಿಂದೆ ಅಂತ ಹೇಳೋಷ್ಟರಲ್ಲಿ ನಿನ್ನ ಎಣ್ಣೆ ಸೀದುಹೋಗುತ್ತೆ ಮಾರಾಯ್ತಿ" ಎನ್ನುತ್ತಿದ್ದ.

ಭದ್ರಾವತಿಯ ಒಂದು ಟಾಕೀಸಿನಲ್ಲಿ ಅವನು ಬಹಳ ವರ್ಷ ಕೆಲಸ ಮಾಡಿದ. ಸಿನಿಮಾ ಶುರುವಾದ ಮೇಲೆ ಬಂದವರಿಗೆ ಕತ್ತಲೆಯಲ್ಲಿ ಸೀಟು ತೋರಿಸುವ ಕೆಲಸ. ಊರಿಗೆಲ್ಲ ಟಾರ್ಚ್ ಮಂಜಣ್ಣ. ಫ್ಯಾಕ್ಟರಿ ಕಡೆಯ ತಮಿಳರಿಗೆ 'ಲೈಟ್ ಅಣ್ಣೇ'. ಆ ಕೆಲಸಕ್ಕೂ ಅವನದೇ ಕ್ರಮವಿತ್ತು, ತಂಗಿಯಾದ ನನಗೆ ಹೇಳುತ್ತಿದ್ದ: "ಬೆಳಕನ್ನ ಮುಖಕ್ಕೆ ಬಿಡಬಾರದು ಸರೂ, ಕಾಲಿಗೆ ಬಿಡ್ಬೇಕು. ಎತ್ತಿದ ಕಾಲು ಕೆಳಗೆ ಊರೋವರೆಗೆ ಬೆಳಕು ಕದಲಬಾರದು. ನಾನು ಸಿನಿಮಾ ನೋಡ್ತೀನಿ ಅಂದ್ಕೊಂಡಿದೀಯಾ? ನಾನು ನೋಡೋದು ಚಪ್ಪಲಿ."

ಟಾಕೀಸು ಮುಚ್ಚಿತು. ಅಣ್ಣ ಶಿವಮೊಗ್ಗದ ಗೋಪಾಳಕ್ಕೆ ಮನೆ ಬದಲಾಯಿಸಿ, ಗಾಂಧಿ ಬಜಾರಿನಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಂಗಡಿಗೆ ಸೇರಿದ. ಬಂದವರೇ ಮತ್ತೆ ಬರುತ್ತಿದ್ದರು, ಕೇಳಿದ್ದನ್ನೇ ಕೇಳುತ್ತಿದ್ದರು. ಅವರು ಮನೆಯಲ್ಲೇ ಫೋನಿನಲ್ಲಿ ನೋಡಿ ಕಲಿಯಲಿ ಎಂದು, ಕಂಪ್ಯೂಟರಿನ ಪರದೆಯ ಮೇಲೆ ತಾನು ಮಾಡುವುದನ್ನೆಲ್ಲ ರೆಕಾರ್ಡ್ ಮಾಡಿ, ತನ್ನ ಮಾತು ಸೇರಿಸಿ ಯೂಟ್ಯೂಬಿಗೆ ಹಾಕತೊಡಗಿದ.

ಬೇರೆಯವರ ವಿಡಿಯೋ ನೋಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಬಾಣದ ಗುರುತು ಇಲಿ ಹಂಗೆ ಓಡ್ತಾ ಇದೆ. ನೋಡೋರು ಅದನ್ನ ಹಿಡಿಯೋಕೆ ಬೆಕ್ಕು ಸಾಕಿದಾರಾ?" ಒಂದು ದಿನ ಅವನಿಗೆ ಅದಕ್ಕೊಂದು ಉಪಾಯ ಸಿಕ್ಕಿತು. ಒಂದು ಕೀ ಒತ್ತಿದರೆ ಪರದೆಯೆಲ್ಲ ಮಬ್ಬಾಗಿ, ಬಾಣದ ಸುತ್ತ ಮಾತ್ರ ದುಂಡಗೆ ಬೆಳಕು ಉಳಿಯುತ್ತದೆ. ಸ್ಪಾಟ್‌ಲೈಟ್ ಅಂತ ಅದರ ಹೆಸರು. ಅಣ್ಣ ಅದನ್ನು ಟಾರ್ಚ್ ಎಂದೇ ಕರೆದ. ಕಳೆದುಹೋದ ಕೆಲಸ ಮತ್ತೆ ಸಿಕ್ಕಿದವನ ಹಾಗೆ ಆ ದಿನವೆಲ್ಲ ಹಾಡು ಗುನುಗುತ್ತಿದ್ದ.

ಬೆಳಕು ಎಷ್ಟು ದೊಡ್ಡದಿರಬೇಕು ಎಂದು ನನ್ನ ಕೈಬಳೆ ಬಿಚ್ಚಿಸಿ ಪರದೆಗೆ ಹಿಡಿದು ನೋಡಿದ. ತಟ್ಟೆಯಷ್ಟಾದರೆ ಎರಡೆರಡು ಬಟನ್ ಕಾಣುತ್ತವೆ, ಉಂಗುರದಷ್ಟಾದರೆ ಅಕ್ಷರ ಕತ್ತರಿಸಿಹೋಗುತ್ತದೆ. ಬಳೆಯೇ ಸರಿ. ಸುತ್ತಲಿನದನ್ನು ಪೂರ್ತಿ ಕಪ್ಪು ಮಾಡಲೂ ಬಿಡಲಿಲ್ಲ. "ಪಕ್ಕದ ಸೀಟು ಮಸುಕಾಗಾದ್ರೂ ಕಾಣ್ಬೇಕು. ಇಲ್ದಿದ್ರೆ ಎಲ್ಲಿದೀವಿ ಅಂತ ಗೊತ್ತಾಗದೆ ಜನ ಹೆದರ್ತಾರೆ." ಉದ್ದಕ್ಕೂ ಹಚ್ಚಿಡುತ್ತಲೂ ಇರಲಿಲ್ಲ. "ಯಾವಾಗ್ಲೂ ಉರಿಯೋದು ಟ್ಯೂಬ್‌ಲೈಟು. ಬೇಕಾದಾಗ ಮಾತ್ರ ಉರಿಯೋದು ಟಾರ್ಚು."

ನಾನು ಓದಿದ್ದು ನಾಲ್ಕನೇ ಕ್ಲಾಸು. ಭದ್ರಾವತಿಯ ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತೇನೆ. ಕನ್ನಡ ನಿಧಾನಕ್ಕೆ ಕೂಡಿಸಿ ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ಅಣ್ಣ ಪ್ರತಿ ವಿಡಿಯೋವನ್ನೂ ಮೊದಲು ನನಗೆ ತೋರಿಸುತ್ತಿದ್ದ. "ನೀನು ಹ್ಞೂಂ ಅಂದ್ರೆ ಜಿಲ್ಲೆಗೇ ಅರ್ಥ ಆದ ಹಾಗೆ" ಎನ್ನುತ್ತಿದ್ದ. ಅರ್ಥವಾಗಲಿಲ್ಲ ಎಂದರೆ ಅವನಿಗೆ ಬೇಸರವೇ ಇಲ್ಲ. ಯಾವ ಜಾಗದಲ್ಲಿ ತಪ್ಪಿತು ಎಂದು ಕೇಳಿ, ಅಷ್ಟನ್ನು ಮತ್ತೆ ರೆಕಾರ್ಡ್ ಮಾಡುತ್ತಿದ್ದ.

ಹಾಸ್ಟೆಲ್ ಅರ್ಜಿಯ ವಿಡಿಯೋ ತೋರಿಸಿದ ಭಾನುವಾರ ನಾನು ಎರಡು ಸಲ ಗೊತ್ತಾಗಲಿಲ್ಲ ಎಂದಿದ್ದೆ. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತಿಗೆ, ಅವಳು ಬಿ.ಎ. ಓದಿದವಳು, ನಗುತ್ತ, "ನಿಮ್ಮ ತಂಗಿಗೆ ಅರ್ಥ ಆಗೋ ಹೊತ್ತಿಗೆ ಆ ಮಕ್ಕಳದ್ದು ಮದುವೆನೇ ಆಗಿರುತ್ತೆ" ಎಂದಳು. ತಮಾಷೆಗೆ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಅಣ್ಣ ಮೂರನೇ ಸಲ ಹಾಕಿದ. ಬೆಳಕು ಸೇವ್ ಬಟನ್ನಿನ ಮೇಲೆ ಬಂತು, ಹಸಿರು ಗುರುತು ಮೂಡಿತು. ಆಮೇಲೆ ಬೆಳಕು ಕೆಳಗೆ ಎಲ್ಲಿಗೋ ಹಾರಿ ಆರಿತು. ಅದು ಯಾಕೆ ಹಾರಿತೋ ನನಗೆ ತಿಳಿಯಲಿಲ್ಲ.

"ಅರ್ಥ ಆಯ್ತಾ?"

"ಆಯ್ತಣ್ಣ. ಚೆನ್ನಾಗಿ ಆಯ್ತು" ಎಂದೆ.

ಆಯನೂರಿನಿಂದ ಇನ್ನೂ ಒಳಗಿರುವ ಹಳ್ಳಿಯ ಕೂಲಿಯವನೊಬ್ಬ ಆ ವಿಡಿಯೋ ನೋಡಿಕೊಂಡು ಮಗಳ ಅರ್ಜಿ ತುಂಬಿದ. ಹಸಿರು ಗುರುತು ಕಂಡಕೂಡಲೇ ಮುಗಿಯಿತೆಂದು ಫೋನ್ ಒಳಗಿಟ್ಟ. ಕೆಳಗಿನ ಸಬ್‌ಮಿಟ್ ಬಟನ್ ಒತ್ತಲೇ ಇಲ್ಲ. ಅರ್ಜಿ ಹೋಗಲಿಲ್ಲ, ಹುಡುಗಿಗೆ ಹಾಸ್ಟೆಲ್ ಸಿಗಲಿಲ್ಲ. ಅವನು ಅಂಗಡಿಗೆ ಬಂದು ವಿಚಾರಿಸಿದಾಗ ಅಣ್ಣನಿಗೆ ವಿಷಯ ಗೊತ್ತಾಯಿತು. ಅವತ್ತೇ ವಿಡಿಯೋ ತೆಗೆದುಹಾಕಿದ. ಮುಂದಿನ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಹಳ್ಳಿಗೆ ಹೋದ.

"ಯಜಮಾನ್ರೇ, ತಪ್ಪು ನಂದು. ನೀವು ಕಾಲು ಊರೋಕೆ ಮುಂಚೆ ನಾನು ಬೆಳಕು ತೆಗೆದುಬಿಟ್ಟೆ" ಎಂದ ಅಣ್ಣ.

ಆ ಮನುಷ್ಯ ಗಾಬರಿಯಾಗಿ ಚಾಪೆ ಹಾಸಿದ. "ಏ, ನೀವ್ಯಾಕೆ ಸಾರ್ ಹಂಗಂತೀರಿ? ಈ ಅಕ್ಕನೂ ನೋಡಿದ್ರಾ ಅದನ್ನ?"

"ನೋಡಿದ್ಲು. ಮೊದಲು ಇವಳಿಗೇ ತೋರಿಸೋದು. ಅರ್ಥ ಆಯ್ತು ಅಂದಿದ್ಲು."

"ನೋಡಿ ಮತ್ತೆ! ಅಕ್ಕ ಬುದ್ಧಿವಂತ್ರು. ನಮ್ಗೇ ತಲೆ ಇಲ್ಲ."

ಅವನ ಮಗಳು ಬೆಲ್ಲದ ಕಾಫಿ ತಂದುಕೊಟ್ಟಳು. ದಿನಾ ಆರು ಗಂಟೆಯ ಬಸ್ಸು, ಅದು ತಪ್ಪಿದ ದಿನ ಕಾಲೇಜಿಲ್ಲ ಎಂದು ನಗುತ್ತಲೇ ಹೇಳಿದಳು. ನಾನು ಲೋಟದೊಳಗೆ ನೋಡುತ್ತ ಕೂತೆ. ವಾಪಸು ಬರುವಾಗ ಅಣ್ಣ, "ಇಷ್ಟು ವರ್ಷ ಕಾಲು ನೋಡಿದವನು, ಇದೊಂದರಲ್ಲಿ ಹೇಗೆ ತಪ್ಪಿದೆ ಅಂತೀನಿ" ಎಂದು ತನಗೇ ಹೇಳಿಕೊಳ್ಳುತ್ತಿದ್ದ. ನಾನು ಹಿಂದೆ ಕೂತಿದ್ದೆ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಆಗಲಾದರೂ ಹೇಳಬಹುದಿತ್ತು.

ತಿಂಗಳುಗಟ್ಟಲೆ ಅವನು ಆ ವಿಡಿಯೋವನ್ನು ಮತ್ತೆ ಮತ್ತೆ ಮಾಡಿದ, ಅಳಿಸಿದ. ಹೋದ ವರ್ಷ ಹಾರ್ಟಿನ ತೊಂದರೆ ಶುರುವಾಗಿ ಡಾಕ್ಟರು ಮನೆಯಲ್ಲೇ ಇರಿ ಎಂದಾಗ ಅದನ್ನು ಮುಗಿಸಿದ. ನಾನು ನೋಡಲು ಹೋದಾಗ ಮಂಚದ ಮೇಲೆ ದಿಂಬಿಗೆ ಒರಗಿಕೊಂಡೇ ತೋರಿಸಿದ. ಈ ಸಲ ಬೆಳಕು ಸೇವ್ ಮೇಲೆ ನಿಂತಿತು. ಹಸಿರು ಗುರುತು ಬಂದ ಮೇಲೂ ನಿಂತೇ ಇತ್ತು. "ಇನ್ನೂ ಮುಗಿದಿಲ್ಲ, ನನ್ನ ಜೊತೆ ಬನ್ನಿ" ಎಂದಿತು ಅವನ ದನಿ. ಬೆಳಕು ಮೆಲ್ಲಗೆ, ಮುದುಕರನ್ನು ಮೆಟ್ಟಿಲು ಇಳಿಸುವ ಹಾಗೆ, ಸಬ್‌ಮಿಟ್ ತನಕ ಇಳಿದು ನಿಂತಿತು.

"ಅರ್ಥ ಆಯ್ತಾ ಸರೂ?"

"ಆಯ್ತಣ್ಣ." ನಿಜವಾಗಿಯೂ ಆಗಿತ್ತು.

ಅವನು ನನ್ನ ಮುಖವನ್ನೇ ನೋಡಿದ. ವಿಡಿಯೋವನ್ನು ಇನ್ನೊಮ್ಮೆ ಹಾಕಿದ. ಮುಗಿದ ಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ, "ಕೊನೆಗೆ ಎಲ್ಲಿ ಒತ್ತಬೇಕು? ಬೆರಳಿಟ್ಟು ತೋರ್ಸು" ಎಂದ.

ಅಷ್ಟು ವರ್ಷಗಳಲ್ಲಿ ಅವನು ಹಾಗೆ ಕೇಳಿದ್ದು ಅದೊಂದೇ ಸಲ. ನನ್ನ ಮಾತೇ ಅವನಿಗೆ ಸಾಕಾಗುತ್ತಿತ್ತು. ನಾನು ಬೆರಳಿಟ್ಟೆ. ಅವನು "ಹ್ಞಾಂ, ಸರಿ ಬಿಡು" ಎಂದು ನಕ್ಕು ಕಣ್ಣು ಮುಚ್ಚಿದ. 'ಅವತ್ತು ಆಗಿರಲಿಲ್ಲ ಅಣ್ಣ' ಎನ್ನುವ ಮಾತು ನಾಲಿಗೆಯ ತನಕ ಬಂದಿತ್ತು. ಅಷ್ಟರಲ್ಲಿ ಅತ್ತಿಗೆ ಕಾಫಿ ತಂದಳು. ನಾನು ಕಾಫಿ ಕುಡಿದು ಭದ್ರಾವತಿ ಬಸ್ಸು ಹತ್ತಿದೆ. ಹತ್ತು ದಿನಕ್ಕೆ ಅಣ್ಣ ಹೋದ.

ಅವನ ಟಾರ್ಚನ್ನು ಅತ್ತಿಗೆ ನನಗೇ ಕೊಟ್ಟಳು. ಆ ವಿಡಿಯೋಗಳನ್ನು ಜನ ಈಗಲೂ ನೋಡುತ್ತಾರೆ. ಕೆಳಗೆ ಅವರು ಬರೆದಿದ್ದನ್ನು ನಾನು ಮೆಸ್ಸಿನ ಕೆಲಸ ಮುಗಿದ ಮೇಲೆ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. 'ಅಣ್ಣ, ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ತೋರಿಸಿ' ಎಂದು ಮೊನ್ನೆ ಯಾರೋ ಬರೆದಿದ್ದರು. ಅವನ ಮುಖವನ್ನೇ ನೋಡದವರು. ಎಷ್ಟು ಸಲೀಸಾಗಿ ಬರೆದಿದ್ದರು.