ಎಲ್ಲ ಪಕ್ಷಕ್ಕೂ ಒಂದೇ ಸೌಂಡು

ನನ್ನ ಸೋದರಮಾವನ ನಿಜವಾದ ಹೆಸರು ಊರಿಗೆ ಮರೆತೇ ಹೋಗಿದೆ. ಎಲ್ಲರಿಗೂ ಅವನು ‘ಹಲೋ’. ಮದುವೆಯಿರಲಿ, ಸಭೆಯಿರಲಿ, ಮೈಕು ನಿಲ್ಲಿಸಿ, ಉಫ್ ಉಫ್ ಎಂದು ಊದಿ, “ಹಲೋ... ಹಲೋ...” ಎನ್ನುವುದು ಅವನ ಕೆಲಸ. ಮುಂದಿನದನ್ನು ಬೇರೆಯವರು ಮಾತಾಡುತ್ತಾರೆ.

“ಇಷ್ಟು ವರ್ಷ ಸ್ಟೇಜ್ ಹತ್ತಿಯೂ ಒಂದು ಪೂರ್ತಿ ಮಾತಾಡದ ಗಂಡಸು ಇವರೊಬ್ಬರೇ” ಎಂದು ಅತ್ತೆ ನಗುತ್ತಾಳೆ. “ಅಲ್ಲಿ ಉಳಿಸಿದ್ದನ್ನೆಲ್ಲ ತಂದು ನನ್ನ ಕಿವಿಗೆ ಸುರೀತಾರೆ.”

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೊಳೆಗಳಲ್ಲಿ ಸುತ್ತಿ ನೇತುಹಾಕಿದ ವೈರು, ಮಂಚದ ಕೆಳಗೆ ಬ್ಯಾಟರಿ, ಅಟ್ಟದ ಮೇಲೆ ಬಾಯಿ ತೆರೆದುಕೊಂಡ ಹಾರ್ನುಗಳು. ಒಡೆದುಹೋದ ಒಂದು ಹಾರ್ನನ್ನು ಅತ್ತೆ ಅಡುಗೆಮನೆಗೆ ಒಯ್ದು ಈರುಳ್ಳಿ ತುಂಬಿಟ್ಟಿದ್ದಾಳೆ. ಬಾಗಿಲ ಮೇಲೆ ಮಾವ ತನ್ನ ಕೈಯಾರೆ ಬರೆದ ಬೋರ್ಡು: ‘ಎಲ್ಲ ಪಕ್ಷಕ್ಕೂ ಒಂದೇ ಸೌಂಡು’.

ಈ ಮಾತಿಗೆ ನಿಜವಾದ ಪರೀಕ್ಷೆ ಬಂದದ್ದು ಮೇಷ್ಟ್ರಿಂದ. ಮೇಷ್ಟ್ರು ಎಂದರೆ ಮುಂದೆ ದೇಶದ ಪ್ರಧಾನಿಯಾದವರು. ಮೊದಲು ನಮ್ಮ ಬೀದಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಅವರು ನಗರಸಭೆಗೆ ನಿಂತಾಗ ಮೊದಲ ಸಭೆಗೆ ಮೈಕ್ ಸೆಟ್ಟು ಕೊಟ್ಟವನು ಮಾವ. ಸೆಟ್ಟೂ ಹೊಸದು, ಅವನೂ ಹೊಸಬ. ಮೇಷ್ಟ್ರು ಕುಳ್ಳಗಿದ್ದರು, ಮೈಕು ಅವರ ಹಣೆಗೆ ಸರಿಯಾಗಿ ನಿಂತಿತ್ತು.

“ಮೇಷ್ಟ್ರೇ, ಬೆಂಚ್ ಮೇಲೆ ನಿಂತ್ಕೊಳ್ಳಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಯಾರೋ ಅವನು? ನಾನು ನಿಲ್ಲಿಸಿದ್ದಕ್ಕೆ ಸೇಡು ತೀರಿಸ್ಕೊಳ್ತಿದೀಯಾ?” ಎಂದರು ಮೇಷ್ಟ್ರು. ಸಭೆ ಗೊಳ್ಳೆಂದಿತು. ಮಾವ ಓಡಿಬಂದು ಸ್ಟ್ಯಾಂಡು ತಗ್ಗಿಸಿದ. ಆ ಎತ್ತರಕ್ಕೆ ಮರುದಿನವೇ ಕೆಂಪು ಬಣ್ಣದಲ್ಲಿ ಗುರುತು ಹಾಕಿಟ್ಟ.

ಆ ಕೆಂಪು ಗುರುತಿನಿಂದಲೇ ಮಾವ ದೇಶದ ರಾಜಕೀಯ ನೋಡಿದ. ನಗರಸಭೆಯಲ್ಲಿದ್ದಾಗ ಮೇಷ್ಟ್ರು ಬೀದಿಗೆ ನಲ್ಲಿ ತಂದರು. ಶಿಕ್ಷಣ ಮಂತ್ರಿಯಾದಾಗ ಹುಡುಗಿಯರಿಗೆ ಬಸ್ಸು ಪುಕ್ಕಟೆಯಾಯಿತು. ನಾನು ಕಾಲೇಜು ಕಂಡದ್ದು ಆ ಬಸ್ಸಿನಲ್ಲಿ. ಆಮೇಲೆ ಹಣಕಾಸು ಮಂತ್ರಿಯಾಗಿ, ನಷ್ಟದಲ್ಲಿದೆ ಎಂದು ನಮ್ಮೂರ ನೂಲಿನ ಗಿರಣಿ ಮುಚ್ಚಿಸಿದರು. ಆಗ ನಮ್ಮ ಅರ್ಧ ಬೀದಿ ಅವರಿಗೆ ಹಿಡಿಶಾಪ ಹಾಕಿತು. ಗಿರಣಿಯ ಕೆಲಸಗಾರರು ಅವರನ್ನು ಬೈಯಲು ಸಭೆ ಸೇರಿದಾಗ ಮೈಕು ಕೊಟ್ಟವನೂ ಮಾವನೇ.

“ಮೇಷ್ಟ್ರನ್ನ ಬೈಯೋಕೆ ನೀವೇ ಕೊಡ್ತೀರಾ?” ಎಂದು ಅತ್ತೆ ಕೇಳಿದ್ದಳಂತೆ.

“ಹೊಗಳಿಕೆಗೆ ಎಷ್ಟು ಸೌಂಡೋ ಬೈಗುಳಕ್ಕೂ ಅಷ್ಟೇ. ಬೋರ್ಡು ನೋಡ್ಲಿಲ್ವಾ?”

ಪ್ರಧಾನಿಯಾದ ಮೇಲೆ ಮುದುಕರ ಪಿಂಚಣಿಯನ್ನು ಮನೆಬಾಗಿಲಿಗೆ ತಲುಪಿಸಿದರು. ಕೊನೆಗೆ ಬಂತು ಗದ್ದಲದ ಕಾನೂನು. ಓದುವ ಮಕ್ಕಳು, ಕಾಯಿಲೆಯವರು ಬಹಳ ಸಲ ದೂರು ಕೊಟ್ಟಿದ್ದರು. ರಾತ್ರಿ ಎಂಟಾದ ಮೇಲೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಹಾಕಿದರೆ ಮಾತಾಡಿದವನಿಗಲ್ಲ, ಮೈಕಿನ ಯಜಮಾನನಿಗೆ ಶಿಕ್ಷೆ. ಸೆಟ್ಟು ಪೊಲೀಸ್ ಠಾಣೆಗೆ, ಲೈಸೆನ್ಸು ರದ್ದು.

ಅಂದು ಮಾವನ ಸಿಟ್ಟು ನೆತ್ತಿಗೇರಿತ್ತು. “ನನ್ನ ಮೈಕಲ್ಲೇ ಮಾತಾಡಿ ಮಾತಾಡಿ ಮೇಲೆ ಹೋದ್ರು. ಹತ್ತಿದ ಏಣೀನೇ ಒದ್ರು ನೋಡು!”

“ಒಳ್ಳೇ ಕಾನೂನೇ ಕಣ್ರೀ” ಎಂದಳು ಅತ್ತೆ, ಈರುಳ್ಳಿ ಹೆಚ್ಚುತ್ತ. “ಮನೆಯೊಳಗೂ ಬರಬೇಕಿತ್ತು, ಅದೊಂದೇ ಕೊರತೆ.”

ಬೈದುಕೊಂಡರೂ ಮಾವ ಕಾನೂನು ಮೀರಲಿಲ್ಲ. ಮೈಕ್ ಸ್ಟ್ಯಾಂಡಿನ ತಲೆಗೆ ಒಂದು ಪುಟ್ಟ ಕೆಂಪು ಬಲ್ಬು ಕಟ್ಟಿದ. ಎಂಟಕ್ಕೆ ಇನ್ನೇನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ತನ್ನ ಮೇಜಿನಿಂದ ಅದನ್ನು ಹೊತ್ತಿಸುತ್ತಿದ್ದ. ಮಾತಾಡುವವರು ಮುಗಿಸಬೇಕು, ಮುಗಿಸದಿದ್ದರೆ ಎಂಟಕ್ಕೆ ಸರಿಯಾಗಿ ಮೈಕು ಮೂಕ.

ಮುಂದಿನ ಚುನಾವಣೆ ಬಂತು. ಮಾರುಕಟ್ಟೆ ಮೈದಾನದಲ್ಲಿ ಮೊದಲ ದಿನ ವಿರೋಧ ಪಕ್ಷದ ಸಭೆ, ಮರುದಿನ ಮೇಷ್ಟ್ರದ್ದು. ವಿರೋಧ ಪಕ್ಷದ ಅಭ್ಯರ್ಥಿ ಬಲ್ಬನ್ನು ನೋಡಿಯೂ ನೋಡದವನಂತೆ ಅಬ್ಬರಿಸುತ್ತಿದ್ದ. ಎಂಟಕ್ಕೆ ಮಾವ ಸ್ವಿಚ್ಚು ಆರಿಸಿದ. ಅಭ್ಯರ್ಥಿ ಸ್ಟೇಜಿನಿಂದ ಇಳಿದು ನೇರ ಮೇಜಿಗೇ ಬಂದ.

“ನಾಳೆ ನಿಮ್ಮ ಮೇಷ್ಟ್ರಿಗೂ ಹೀಗೇ ಮಾಡ್ತೀಯೇನಯ್ಯಾ ಹಲೋ? ಮಾಡದೆ ಇದ್ರೆ ನಾಡಿದ್ದು ಬೆಳಿಗ್ಗೆ ಠಾಣೆಯಲ್ಲಿ ದೂರು. ಆ ಬೋರ್ಡನ್ನೂ ನಾನೇ ಕಿತ್ತು ಹಾಕ್ತೀನಿ.”

ಮರುದಿನ ಸಂಜೆ ಮೈದಾನ ತುಂಬಿತ್ತು. ಮೇಷ್ಟ್ರ ಕಾರು ದಾರಿಯಲ್ಲೇ ತಡವಾಯಿತು. ಅವರು ಬರುವ ತನಕ ಜನರನ್ನು ಕೂರಿಸಲು ಪಕ್ಷದ ಕಾರ್ಯದರ್ಶಿ ಮೈಕು ಹಿಡಿದವನು ಬಿಡಲೇ ಇಲ್ಲ. ಕೊನೆಗೆ ಮೇಷ್ಟ್ರು ಬಂದು ಮೈಕಿನ ಮುಂದೆ ನಿಂತಾಗ ಗಡಿಯಾರ ಎಂಟಕ್ಕೆ ಹತ್ತಿರವಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎತ್ತರ ಮಾತ್ರ ಕೆಂಪು ಗುರುತಿಗೆ ಸರಿಯಾಗಿತ್ತು.

ಅವರ ಮಾತು ಕಾವೇರುತ್ತಿದ್ದಂತೆ ಮಾವ ಬಲ್ಬು ಹೊತ್ತಿಸಿದ. ಮೇಷ್ಟ್ರ ಹೊಸ ಕನ್ನಡಕದ ಹಿಂದಿನ ಕಣ್ಣು ಅದನ್ನು ಕಂಡಿತೋ ಇಲ್ಲವೋ. ಕಾರ್ಯದರ್ಶಿ ಮಾತ್ರ ಕಂಡ. ಧಾವಿಸಿ ಬಂದು ಮಾವನ ಮಣಿಕಟ್ಟು ಹಿಡಿದ.

“ಆರಿಸಿಗೀರಿಸೀಯ, ಜೋಕೆ! ಪ್ರಧಾನಿ ಮೇಲೆ ಕೇಸ್ ಹಾಕೋ ಗಂಡು ಈ ಠಾಣೆಯಲ್ಲಿ ಯಾರಿದಾರೆ?”

“ಅವರ ಮೇಲೆ ಹಾಕಲ್ಲ ಸ್ವಾಮಿ, ನನ್ನ ಮೇಲೆ ಹಾಕ್ತಾರೆ. ಸೆಟ್ಟು ಹೋದ್ರೆ ನಿಮ್ಮ ಪಕ್ಷ ನಮ್ಮನೆಗೆ ಅನ್ನ ಹಾಕುತ್ತಾ?”

“ಮೇಷ್ಟ್ರು ನಿನ್ನ ಮುಖ ನೋಡಲ್ಲ ಇನ್ಮೇಲೆ.”

ಈ ಮಾತು ಮಾವನಿಗೆ ನಾಟಿತು. ಮೈಕು ಹಿಡಿದವರೆಲ್ಲ ಗಿರಾಕಿಗಳಾದರೂ ಮೇಷ್ಟ್ರು ಬರೀ ಗಿರಾಕಿಯಲ್ಲ. ಸ್ವಿಚ್ಚಿನ ಮೇಲಿದ್ದ ಬೆರಳು ಆ ಹೊತ್ತಿನಲ್ಲಿ ತನ್ನದೇ ಅಲ್ಲವೇನೋ ಅನ್ನಿಸಿತು ಎಂದು ಅವನು ಈಗಲೂ ಹೇಳುತ್ತಾನೆ. ಗೋಪುರದ ಗಡಿಯಾರ ಹೊಡೆಯಲು ಶುರುವಾಯಿತು. ಹೊಡೆದು ಮುಗಿಯುವುದರೊಳಗೆ ಮಾವ ಕೈ ಕೊಸರಿಕೊಂಡು ಸ್ವಿಚ್ಚು ಆರಿಸಿಬಿಟ್ಟ.

ಮೇಷ್ಟ್ರ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಮೈಕನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಕತ್ತು ತಿರುಗಿಸಿ ಮೇಜಿನ ಕಡೆ ನೋಡಿದರು.

“ಏನಯ್ಯಾ ಹಲೋ, ಕೆಟ್ಟುಹೋಯ್ತಾ?”

“ಕೆಟ್ಟಿಲ್ಲ ಮೇಷ್ಟ್ರೇ” ಎಂದ ಮಾವ ಎದ್ದು ನಿಂತು. ಸಭೆಯೊಂದರಲ್ಲಿ ಅವನು ಆಡಿದ ಮೊದಲ ಪೂರ್ತಿ ಮಾತು ಅದು. “ಎಂಟಾಯ್ತು. ಕಾನೂನು ನಿಮ್ಮದೇ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. ಮೇಷ್ಟ್ರು ಮಾವನನ್ನೂ ಆರಿದ ಮೈಕನ್ನೂ ನೋಡುತ್ತ ನಿಂತರು. ತರಗತಿಯಲ್ಲಿ ಹುಡುಗನೊಬ್ಬ ಅವರ ಲೆಕ್ಕದಲ್ಲೇ ತಪ್ಪು ತೋರಿಸಿದರೆ ಹಾಗೇ ನಿಲ್ಲುತ್ತಿದ್ದರಂತೆ. ಆಮೇಲೆ ಸ್ಟೇಜಿನ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತರು.

“ಬನ್ರಪ್ಪಾ, ಹತ್ತಿರ ಬನ್ನಿ. ಗಂಟಲು ಮುಂಚಿನ ಹಾಗಿಲ್ಲ.”

ಜನ ಕುರ್ಚಿ ಬಿಟ್ಟು ಮುಂದೆ ಬಂದರು. ಹಿಂದಿನ ಸಾಲಿನಲ್ಲಿದ್ದ ಅತ್ತೆಯೂ ನುಗ್ಗಿಕೊಂಡು ಬಂದಳು. ಮೇಷ್ಟ್ರಿಗೆ ಭಾಷಣ ಸಾಗಲಿಲ್ಲ. ಅಷ್ಟು ಹತ್ತಿರ ಕೂತವರಿಗೆ ಭಾಷಣ ಮಾಡುವುದು ಹೇಗೆ? ಕೇಳುವುದಕ್ಕೆ ಶುರುಮಾಡಿದರು.

“ನಲ್ಲಿಯಲ್ಲಿ ನೀರು ಬರ್ತಾ ಇದೆಯಾ?”

“ಬರುತ್ತೆ ಮೇಷ್ಟ್ರೇ” ಎಂದಳು ಒಬ್ಬ ಮುದುಕಿ. “ಕೋಳಿ ಕೂಗೋಕೆ ಮುಂಚೆ ಬರುತ್ತೆ, ಕೋಳಿ ಕೂಗೋಷ್ಟರಲ್ಲಿ ಹೋಗುತ್ತೆ.”

“ಪಿಂಚಣಿ?”

“ಅದು ಸರಿಯಾಗಿ ಬರುತ್ತೆ. ಸುಳ್ಳು ಯಾಕೆ ಹೇಳ್ಲಿ.”

ಗಿರಣಿಯಲ್ಲಿ ಕೆಲಸ ಕಳೆದುಕೊಂಡ ಒಬ್ಬ ಎದ್ದು ಜೋರು ಮಾಡಿದ. ಮೇಷ್ಟ್ರು ಅವನನ್ನು ತಡೆಯಲಿಲ್ಲ. ಮುಚ್ಚಿದ್ದು ಸರಿಯೇ, ಮುಚ್ಚಿದ ಮೇಲೆ ನಿಮ್ಮನ್ನು ಮರೆತದ್ದು ಸರಿಯಲ್ಲ ಎಂದರು. ಮೈಕಿದ್ದಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು, ಅವತ್ತು ಉತ್ತರ ಕೊಟ್ಟರು. ಮಾವ ಮಾಡುವ ಕೆಲಸವಿಲ್ಲದೆ, ಕೈ ಕಟ್ಟಿಕೊಂಡು, ಜೀವನದಲ್ಲಿ ಮೊದಲ ಸಲ ಬರೀ ಕೇಳುತ್ತ ನಿಂತಿದ್ದ.

ಹೊರಡುವಾಗ ಮೇಷ್ಟ್ರು ಮೇಜಿನ ಬಳಿ ನಿಂತರು. “ನಿನ್ನೆ ಅವರದ್ದೂ ಆರಿಸಿದೆಯಂತೆ?”

“ಹೌದು ಮೇಷ್ಟ್ರೇ.”

“ಹಾಗಾದ್ರೆ ಸರಿ” ಎಂದು ಅವನ ಬೆನ್ನು ತಟ್ಟಿ ಕಾರು ಹತ್ತಿದರು. ಕಾರ್ಯದರ್ಶಿ ತಲೆ ತಗ್ಗಿಸಿ ಹಿಂದೆ ಹೋದ.

ಆ ಚುನಾವಣೆಯಲ್ಲಿ ಮೇಷ್ಟ್ರ ಪಕ್ಷ ಸೋತಿತು. ದೂರು ಯಾರೂ ಕೊಡಲಿಲ್ಲ. ಗೆದ್ದ ಆ ವಿರೋಧ ಪಕ್ಷದ ಅಭ್ಯರ್ಥಿ ತನ್ನ ವಿಜಯದ ಸಭೆಗೆ ಮಾವನನ್ನೇ ಕರೆದ, ಏಳೂವರೆಗೇ ಮಾತು ಮುಗಿಸಿದ. ಬೋರ್ಡು ಇದ್ದಲ್ಲೇ ಇದೆ.

ರಾಜಕೀಯ ಬಿಟ್ಟ ಮೇಷ್ಟ್ರು ಈಗ ಸಂಜೆ ನಡೆಯುತ್ತ ಬಂದು ಮಾವನ ಮಂಚದ ಮೇಲೆ ಕೂರುತ್ತಾರೆ, ಅತ್ತೆಯ ಚಹಾ ಕುಡಿಯುತ್ತಾರೆ. ಒಂದು ದಿನ ಮಾವ ಬಹಳ ಕಾಲ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟ.

“ಮೇಷ್ಟ್ರೇ, ಅವತ್ತು ನಾನು ಆರಿಸಿದಾಗ ಏನೋ ಹೇಳ್ತಿದ್ರಿ. ಏನದು?”

ಮೇಷ್ಟ್ರು ಲೋಟ ಕೆಳಗಿಟ್ಟು ಯೋಚಿಸಿದರು.

“ನೆನಪೇ ಆಗ್ತಿಲ್ಲ ಕಣಯ್ಯಾ.”

“ಅಯ್ಯೋ, ಅಷ್ಟಕ್ಕೇ ಇವರು ಎಷ್ಟು ದಿನ ನಿದ್ದೆ ಕೆಟ್ರು ಗೊತ್ತಾ!” ಎಂದು ಒಳಗಿನಿಂದ ಅತ್ತೆ ಕೂಗಿದಳು. ಮೇಷ್ಟ್ರು ನಗುತ್ತ ಲೋಟ ಮುಂದೆ ಚಾಚಿದರು. ಇನ್ನರ್ಧ ಚಹಾ ಬೇಕಿತ್ತು.