ನೆಟ್ಟಗೆ ಹೋಗದ ಮನೆ

ನಾನು ಈವರೆಗೆ ಎರಡು ಮನೆ ಕಟ್ಟಿಸಿದ್ದೇನೆ. ಎರಡೂ ನೆಟ್ಟಗೆ ನಿಂತಿವೆ. ಮೂರನೆಯದು, ಕಟ್ಟಿದ್ದನ್ನೇ ಕೊಂಡುಕೊಂಡೆ. ಅದು ನೆಟ್ಟಗೆ ಹೋಗಲಿಲ್ಲ. ಮನೆ ಯಾಕೆ ಹೋಗಬೇಕು ಎಂದು ನೀವು ಕೇಳಬಹುದು. ಅಫಜಲಪುರದ ನಮ್ಮ ಓಣಿಯವರೂ ಅದನ್ನೇ ಕೇಳಿದರು. ನಾನು 'ಮೋಟರ್‌ಹೋಮ್' ಎಂದು ಎರಡು ಸಲ ಬಿಡಿಸಿ ಹೇಳಿದೆ. ಮೂರನೆಯ ಸಲ, ಒಳಗೆ ಮಂಚ, ಒಲೆ, ಪಾಯಖಾನೆ ಎಲ್ಲ ಇರುವ ವ್ಯಾನು ಎಂದೆ. ಎದುರು ಮನೆಯ ಮುದುಕಿ ಕನಿಕರದಿಂದ ನನ್ನನ್ನು ನೋಡಿ, "ಯಾಕೋ ತಮ್ಮಾ, ಇದ್ದ ಮನಿ ಬಿಡಸ್ಯಾರೇನು?" ಎಂದಳು.

ಯಾರೂ ಬಿಡಿಸಿರಲಿಲ್ಲ. ಕಾರಣ ನನ್ನ ಹೆಂಡತಿ ಶಾಂತಾ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಜಂತಾದ ಪಾಠ ಮಾಡಿದವಳು, ಅಜಂತಾ ನೋಡಿದವಳಲ್ಲ. ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೋದ ಪಕ್ಕ ಅಜಂತಾದ ಚಿತ್ರವಿರುವ ಒಂದು ಹಳೆಯ ಕ್ಯಾಲೆಂಡರು ಇದೆ. ಅದರ ತಾರೀಖುಗಳು ಉಪಯೋಗಕ್ಕೆ ಬಾರದೆ ಎಷ್ಟೋ ವರ್ಷವಾಯಿತು, ಅವಳು ತೆಗೆಯಲು ಬಿಟ್ಟಿಲ್ಲ. ಹೋಗಲು ಅಡ್ಡಿಯಾಗಿದ್ದದ್ದು ದೂರವಲ್ಲ, ಪಾಯಖಾನೆ. ಗಂಡಸರಾದ ನಮಗೆ ದಾರಿಬದಿಯ ಪ್ರತಿಯೊಂದು ಜಾಲಿಗಿಡವೂ ಸಾಕಾಗುತ್ತದೆ. ಅವಳು ಊರಿಗೆ ಹೊರಡುವ ದಿನ ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಒಂದು ಮದುವೆಗೆಂದು ದಿನವಿಡೀ ಬಸ್ಸಿನಲ್ಲಿ ಕೂತು ಬಂದವಳು ಜ್ವರ, ಉರಿಮೂತ್ರ ಎಂದು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದಳು. "ನೀರು ಕುಡೀರಿ, ತಡಕೊಂಡು ಕೂಡಬ್ಯಾಡ್ರಿ" ಎಂದರು ಡಾಕ್ಟರು. ಎರಡನ್ನೂ ಪಾಲಿಸಲು ಅವಳಿಗೆ ತೋಚಿದ್ದು ಒಂದೇ ದಾರಿ, ಮನೆ ಬಿಟ್ಟು ಹೊರಡದಿರುವುದು. ಅಂದಿನಿಂದ ಅವಳ ಪ್ರಪಂಚ ನಮ್ಮ ಬಚ್ಚಲಿನಿಂದ ಒಂದು ತಾಸಿನ ದಾರಿಯೊಳಗೆ ಮುಗಿಯುತ್ತಿತ್ತು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಆಳಂದದ ಮಹಬೂಬ್ ಮಿಸ್ತ್ರಿಯ ಸುದ್ದಿ ಬಂತು. ವ್ಯಾನುಗಳಿಗೆ ಬಾಡಿ ಕಟ್ಟುವವನು. ಯಾರೋ ಹೇಳಿ ಮಾಡಿಸಿ, ಎರಡು ಸಲ ತಿರುಗಾಡಿ, ಬೇಸತ್ತು ಬಿಟ್ಟ ಒಂದು ಮನೆಗಾಡಿ ಅವನ ಹತ್ತಿರ ಮಾರಾಟಕ್ಕಿತ್ತು. ಫೋನು ಮಾಡಿದೆ. "ಟ್ರಯಲ್ ನೋಡಾಕ ಇಬ್ಬರೇ ಬರ್ರಿ ಸಾಹೇಬ್ರ. ನೀವು, ನಿಮ್ಮ ಮನಿಯವರು, ಅಷ್ಟೇ" ಎಂದ. ಫೋನು ಇಟ್ಟು ನಾನು ಶಾಂತಾಳಿಗೆ ಹೇಳಿದೆ: "ಭಾಳ ಜೀನ ಮನಷ್ಯಾ ಇದ್ದಾನ. ಚಾ ಉಳಸಾಕ ನೋಡ್ತಾನ."

ನಮ್ಮ ಕಡೆ ಯಾರೂ ಒಬ್ಬರೇ ಹೋಗಿ ಏನನ್ನೂ ಕೊಳ್ಳುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. ಒಂದು ಜೊತೆ ಚಪ್ಪಲಿಗೂ ಇಬ್ಬರು ಬೇಕು: ಒಬ್ಬ ಹಾಕಿಕೊಂಡು ನಡೆಯಲು, ಇನ್ನೊಬ್ಬ ದೂರ ನಿಂತು ಬೇಡ ಎನ್ನಲು. ಎತ್ತಿಗೆ ಐದು ಜನ ಹೋಗುತ್ತಾರೆ. ಮನೆಗೂ ಗಾಡಿಗೂ ಬೇರೆ ಬೇರೆ ಜನ ಹೋಗುವುದು ವಾಡಿಕೆಯಾದ್ದರಿಂದ ಮನೆಯೂ ಗಾಡಿಯೂ ಆದ ಈ ವಸ್ತುವಿಗೆ ಎರಡೂ ಪಂಗಡಗಳು ಹೊರಟವು. ಒಂದು ಕ್ರೂಸರ್ ಜೀಪು ಬಾಡಿಗೆ ಹಿಡಿದು ಒಟ್ಟು ಹನ್ನೊಂದು ಮಂದಿ ಆಳಂದಕ್ಕೆ ಹೋಗಿ ಇಳಿದೆವು. ಮಿಸ್ತ್ರಿ ನಮ್ಮನ್ನು ಎಣಿಸಿದ. ಚಹಾಕ್ಕೆ ಹೇಳಿ ಕಳಿಸಿದ.

ಪರೀಕ್ಷೆ ಕಟ್ಟುನಿಟ್ಟಾಗಿಯೇ ನಡೆಯಿತು. ನನ್ನ ಅಣ್ಣ ಪ್ಲೈವುಡ್ಡಿಗೆ ಬೆರಳಿನಿಂದ ಬಡಿದು ಕಿವಿಯಿಟ್ಟು ಕೇಳಿದ. ಸೊನ್ನದಲ್ಲಿ ಕಬ್ಬು ಬೆಳೆಯುವ ನನ್ನ ಹೆಂಡತಿಯ ತಮ್ಮ ಭೀಮಶಾ ನಾಲ್ಕು ಗಾಲಿಗೂ ಒಂದೊಂದು ಒದೆ ಕೊಟ್ಟು, "ಗಟ್ಟಿ ಅದ" ಎಂದ. ಒದೆ ಗಾಲಿಗೆ, ತೀರ್ಪು ಇಡೀ ಗಾಡಿಗೆ. ಹಿಂಭಾಗದ ಪಾಯಖಾನೆಯ ಮುಂದೆ ಗಂಡಸರೆಲ್ಲ ಗುಂಪುಗೂಡಿ, ಒಬ್ಬರಾದ ಮೇಲೆ ಒಬ್ಬರು ನೀರು ಬಿಟ್ಟು ನೋಡಿ, ಹೋಗುತ್ತದೆ ಎಂದು ಸಾಕ್ಷಿ ಹೇಳಿದರು. ಆಮೇಲೆ ಎಲ್ಲರೂ ಹತ್ತಿ ಸವಾರಿಗೆ ಹೋದೆವು. ಪಾಯಖಾನೆಯ ಹತ್ತಿರ ಯಾರು ಕೂಡುತ್ತಾರೆ? ಹನ್ನೊಂದೂ ಮಂದಿ ಮುಂದೆಯೇ, ಓಡಿಸುತ್ತಿದ್ದ ಮಿಸ್ತ್ರಿಯ ಬೆನ್ನಿಗೆ ಒತ್ತಿಕೊಂಡು ಕೂತೆವು. ಗಾಡಿ ಬೆಣ್ಣೆಯಂತೆ ಹೋಯಿತು. ಅಲ್ಲಿಯೇ ವ್ಯವಹಾರ ಮುಗಿಸಿದೆವು. ಶಾಂತಾ ಬುದ್ಧ ವಂದನೆ ಹೇಳಿದಳು, ಕ್ರೂಸರಿನ ಡ್ರೈವರು ತನ್ನ ಕಡೆಯಿಂದ ನಾಲ್ಕು ನಿಂಬೆಹಣ್ಣು ಇಟ್ಟ. ಎರಡೂ ಇರಲಿ ಎಂದು ನಾನು ಸುಮ್ಮನಾದೆ.

ಅಜಂತಾಕ್ಕೆ ಮೊದಲು ಹತ್ತಿರದ ಒಂದು ಪ್ರಯಾಣವಾಗಲಿ ಎಂದು ಜೇವರ್ಗಿ ಕಡೆಯ ಅಂದೋಲಾಕ್ಕೆ ಹೊರಟೆವು. ಅಲ್ಲಿ ಶಾಂತಾಳ ಹಳೆಯ ಗೆಳತಿಯೊಬ್ಬಳಿದ್ದಾಳೆ. ಈ ಸಲ ನಾವಿಬ್ಬರೇ. ಹೆಂಡತಿಗೆ ಕಡಿಮೆಯಾಗಬಾರದೆಂದು ಹಿಂದಿನ ದೊಡ್ಡ ಟಾಕಿಯ ತುಂಬ ನೀರು ತುಂಬಿಸಿದ್ದೆ. ಊರು ದಾಟಿ ವೇಗ ಹಿಡಿಯುತ್ತಲೇ ಸ್ಟೇರಿಂಗು ಹಗುರಾಯಿತು. ಎಷ್ಟು ಹಗುರ ಎಂದರೆ, ತಿರುಗಿಸಿದ್ದು ಗಾಲಿಗೆ ಮುಟ್ಟಿತೋ ಇಲ್ಲವೋ ಎಂದು ಕೇಳಿಕೊಳ್ಳಬೇಕಾಯಿತು. ಎದುರಿನಿಂದ ಬಂದ ಬಸ್ಸಿನ ಗಾಳಿಗೆ ಮನೆಯೆಲ್ಲ ತೂಗಾಡಿತು. ನಾನು ಎಡಕ್ಕೆ ಎಳೆದರೆ ಬಾಲ ಬಲಕ್ಕೆ ಹೋಯಿತು. ಹೊಲಗಳು ಒಮ್ಮೆ ಈ ಕಿಟಕಿಯಲ್ಲಿ, ಒಮ್ಮೆ ಆ ಕಿಟಕಿಯಲ್ಲಿ ಕಂಡವು.

ಅಷ್ಟರಲ್ಲಿ ಅಣ್ಣ ಕಿವಿಯಿಟ್ಟು ಪಾಸು ಮಾಡಿದ್ದ ಕಪಾಟಿನ ಬಾಗಿಲು ತೆರೆದುಕೊಂಡಿತು. ಅದರ ಚಿಲಕ ಎರಡೇ ಮೊಳೆಯ ಮೇಲೆ ನಿಂತಿತ್ತು, ಈಗ ಅವೂ ಇರಲಿಲ್ಲ. ಮೊದಲು ಖಡಕ್ ರೊಟ್ಟಿ, ಆಮೇಲೆ ಶೇಂಗಾ ಹಿಂಡಿಯ ಡಬ್ಬಿ, ಕೊನೆಗೆ ಕಪಾಟಿನ ಬಾಗಿಲೇ ಕೆಳಗೆ ಬಿತ್ತು. ಮಂಚದ ಅಂಚು ಹಿಡಿದು ಕೂತಿದ್ದ ಶಾಂತಾ ಸಣ್ಣ ದನಿಯಲ್ಲಿ, "ನಿಲ್ಲಸ್ರಿ. ನಾ ಇಳೀತೇನಿ" ಎಂದಳು. ನಿಲ್ಲಿಸಿದೆ. ಸೀರೆಯ ಮೇಲಿನ ಹಿಂಡಿಯ ಪುಡಿ ಕೊಡವಿಕೊಂಡು ಇಳಿದು, ಊರ ಕಡೆ ಹೋಗುವ ಬಸ್ಸಿಗೆ ಕೈ ಮಾಡಿ ಹತ್ತಿ ಹೋದಳು. ನಾನು ನೀರಿನ ಬಾಟಲಿ ಹಿಡಿದುಕೊಂಡು ಓಡಿದೆ. ಅವಳು ಕಿಟಕಿಯಿಂದ ಬೇಡವೆಂದು ತಲೆಯಾಡಿಸಿದಳು. ಅದಕ್ಕಿಂತ ದೊಡ್ಡ ಅವಮಾನ ನನಗೆ ಈ ಗಾಡಿ ಮಾಡಲಿಲ್ಲ.

ಮರುದಿನ ಭೀಮಶಾ ಬಂದ. ಈ ಸಲ ಗಾಲಿ ಒದೆಯಲಿಲ್ಲ. ದೂರ ಹೋಗಿ ಕುಕ್ಕರಗಾಲಲ್ಲಿ ಕೂತು, ಕಬ್ಬು ತುಂಬಿದ ಬಂಡಿ ನೋಡುವಂತೆ ಓರೆಯಿಂದ ನೋಡಿದ. "ಮಾವ್ರ, ಹಿಂಭಾರ ಆಗ್ಯಾದ. ಮೂಗ ಮ್ಯಾಲ ಎತ್ಯಾದ ನೋಡ್ರಿ. ಅವತ್ತ ನಾವು ಹನ್ನೊಂದ್ ಮಂದಿ ಮುಂದ ಕುಂತು ಒತ್ತಿ ಹಿಡದಿದ್ವಿ."

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಬೆರಳ ಮೇಲೆ ಫೂಟುಪಟ್ಟಿ ನಿಲ್ಲಿಸಿ, ಒಂದು ತುದಿಗೆ ಸುಣ್ಣದ ಕಡ್ಡಿಯ ಚೂರು ಇಟ್ಟು, ಗುರುತ್ವ ಕೇಂದ್ರ ಎಂದರೇನು ಎಂದು ಪ್ರತಿ ವರ್ಷ ತೋರಿಸಿದ್ದೇನೆ. ಫೂಟುಪಟ್ಟಿಗೆ ಸ್ಟೇರಿಂಗು ಇದ್ದಿದ್ದರೆ ನನಗೂ ಹೊಳೆಯುತ್ತಿತ್ತೋ ಏನೋ. ನಮ್ಮ ಹೊಲಗಳಲ್ಲಿ ಕುರಿ ಹಿಂಡು ತಂಗಿಸಲು ಬರುವವರನ್ನು ನೋಡಿ. ಇಡೀ ಸಂಸಾರವನ್ನು ಒಂದು ಕುದುರೆಯ ಮೇಲೆ ಹೇರಿರುತ್ತಾರೆ. ಈ ಕಡೆ ಕೊಡಪಾನ, ಕಂಬಳಿ, ಆ ಕಡೆ ಅದೇ ತೂಕದ ಹಿಟ್ಟಿನ ಚೀಲ, ನಡುವೆ ಕೋಳಿ. ಗಾಲಿಯಿಲ್ಲದ ಆ ಮನೆಗಾಡಿ ಅತ್ತಿತ್ತ ವಾಲಿದ್ದನ್ನು ನಾನಂತೂ ಕಂಡಿಲ್ಲ. ಅವರಲ್ಲಿ ಯಾರೂ ನನ್ನ ತರಗತಿಯಲ್ಲಿ ಓದಿದವರಲ್ಲ.

ಸುದ್ದಿ ತಿಳಿದ ಬಂಧುಗಳು ಪರಿಹಾರದೊಂದಿಗೆ ಬಂದರು. "ಅದಕ್ಕೇನ್ರಿ, ಅಜಂತಾಕ್ಕ ನಾವೆಲ್ಲಾ ಬರ್ತೇವ. ಮುಂದ ಕೂಡ್ತೇವ, ವಜನ ಆಗ್ತದ" ಎಂದ ಅಣ್ಣ. ಒಳಗಿನಿಂದ ಶಾಂತಾಳ ದನಿ ಬಂತು: "ಇಷ್ಟ ಮಂದಿ ಜೋಡಿ ಹೋಗೂದಿದ್ರ ಬಸ್ಸಿಗೇ ಹೋಗ್ತಿದ್ನಲ್ರೀ."

ಗಾಡಿಯನ್ನು ಎತ್ತಿನ ನಡಿಗೆಯಲ್ಲಿ ಆಳಂದಕ್ಕೆ ಒಯ್ದೆ. ಜಗಳಕ್ಕೆ ಮಾತು ಹೊಂದಿಸಿಕೊಂಡೇ ಹೋಗಿದ್ದೆ. ಮಿಸ್ತ್ರಿ ಎಲ್ಲ ಕೇಳಿಸಿಕೊಂಡು, "ಟಾಕಿ ಹಿಂದ ಇಡು ಅಂತ ಮೊದಲಿನ ಸಾಹೇಬ್ರು ಹಠ ಹಿಡದಿದ್ರು. ಟಾಕಿ ತುಂಬಿ, ನಿಮ್ಮಿಬ್ಬರನ್ನೇ ಕುಂದರಸಿ, ಓಡಿಸಿ ತೋರಸಬೇಕಂತ ಇದ್ದೆ. ಅದಕ್ಕೇ ಇಬ್ಬರೇ ಬರ್ರಿ ಅಂದಿದ್ದೆ" ಎಂದ.

"ಬಂದಾಗರ ಹೇಳಬೇಕಿಲ್ಲೇನಪಾ?"

"ಹನ್ನೊಂದ್ ಮಂದಿ ಒಮ್ಮೆಲೆ ಮಾತಾಡಾಕತ್ತಿದ್ರಿ. ನಾ ಯಾವಾಗ ಹೇಳ್ಲಿ? ಯಾಕ್ರಿ ಸಾಹೇಬ್ರ, ಚಾ ಉಳಸಾಕ ಹೇಳ್ದಾ ಅನ್ಕೊಂಡ್ರೇನು?"

ಅವನು ಮತ್ತೆ ಚಹಾ ತರಿಸಿದ. ಒಂದು ವಾರದಲ್ಲಿ ಟಾಕಿಯನ್ನು ಮುಂದಿನ ಹಿಂದಿನ ಗಾಲಿಗಳ ನಡುವೆ, ಗಾಡಿಯ ನೆಲದಡಿಗೆ ತಂದ, ಒಲೆಯನ್ನು ಮುಂದೆ ಸರಿಸಿದ, ಪ್ರತಿ ಬಾಗಿಲಿಗೂ ಕಬ್ಬಿಣದ ಚಿಲಕವನ್ನು ಸ್ಕ್ರೂ ಹಾಕಿ ಬಿಗಿದ. ನಾನೊಬ್ಬನೇ ಓಡಿಸಿಕೊಂಡು ಬಂದೆ. ಮನೆ ನೆಟ್ಟಗೆ ಬಂತು.

ಆದರೆ ಶಾಂತಾ ಹತ್ತಲಿಲ್ಲ. ಗಾಡಿ ಅಂಗಳದಲ್ಲಿ ನಿಂತಿತು, ಅವಳು ಅದರ ಪಕ್ಕದಲ್ಲೇ ಬಟ್ಟೆ ಒಣಹಾಕಿದಳು. ಒಂದು ದಿನ ತಡೆಯಲಾರದೆ, "ಒಮ್ಮೆ ನೋಡರ ನೋಡು ಶಾಂತಾ" ಎಂದೆ. ಅವಳಿಗೆ ಸಿಟ್ಟು ಬಂತು. "ಅವತ್ತ ನೀವು ಎಲ್ಲಾರೂ ನೋಡಿದ್ರಿ. ಪಾಯಖಾನಿ ಬೇಕಾಗಿದ್ದು ನನಗ. ಗಂಡಸೂರೆಲ್ಲ ಬಾಗಲದಾಗ ನಿಂತು ನೀರು ಬಿಟ್ಟು ನೋಡಾಕತ್ರ ನಾ ಹ್ಯಾಂಗ ಒಳಗ ಹೋಗ್ಲಿ? ನನಗ ಯಾರ್ ನೋಡಾಕ ಬಿಟ್ರಿ?"

ನಾಚಿಕೆಯಾಯಿತು. ಪ್ಲೈವುಡ್ಡು, ಗಾಲಿ, ನಲ್ಲಿ ಎಲ್ಲಕ್ಕೂ ಒಬ್ಬೊಬ್ಬ ಪರೀಕ್ಷಕನಿದ್ದ. ಯಾರಿಗಾಗಿ ಕೊಂಡೆವೋ ಅವಳು ಮಾತ್ರ ಕೈಚೀಲ ಹಿಡಿದು ಹೊರಗೆ ನಿಂತಿದ್ದಳು. ಒಣಗಿದ ಬಟ್ಟೆ ಮಡಚಿಟ್ಟು ಅವಳೇ ಹೇಳಿದಳು: "ಸೊನ್ನದ ತನಕ ಹೋಗೂಣು. ಯಾರ್ನೂ ಕರೀಬ್ಯಾಡ್ರಿ."

ಹೊರಟೆವು. ಭೀಮಾ ನದಿಯ ಕಡೆ ಹೋಗುವ ರಸ್ತೆ, ಎರಡೂ ಬದಿ ಕಬ್ಬು. ಒಂದಷ್ಟು ದೂರ ಅವಳು ಸ್ಟೇರಿಂಗು ಹಿಡಿದ ನನ್ನ ಕೈಗಳನ್ನೇ ನೋಡುತ್ತಿದ್ದಳು. ಎದುರಿಗೊಂದು ಬಸ್ಸು ಬಂದು ದಾಟಿ ಹೋಯಿತು. ಕಪಾಟು ಬಾಯಿ ಬಿಡಲಿಲ್ಲ. ಅವಳು ಎದ್ದಳು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. "ನಿಲ್ಲಸಬ್ಯಾಡ್ರಿ, ಸಾವಕಾಶ ನಡೀಲಿ" ಎಂದು ಹಿಂದೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು, ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು ಎಷ್ಟೋ ವರ್ಷ ಗಾಡಿ ಓಡಿಸಿದ್ದೇನೆ. ಆ ಐದು ನಿಮಿಷ ಓಡಿಸಿದಷ್ಟು ಶ್ರದ್ಧೆಯಿಂದ ಎಂದೂ ಓಡಿಸಿಲ್ಲ. ಪ್ರತಿ ತಗ್ಗನ್ನೂ ಬಳಸಿ ಹೋದೆ. ತಿರುಗಿ ನೋಡುವ ಹಾಗಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಚಿಲಕ ತೆರೆಯಿತು. ಅವಳು ಗೋಡೆ ಹಿಡಿಯದೆ ನಡೆದು ಬಂದು ನನ್ನ ಪಕ್ಕ ಕೂತಳು. ಬಾಟಲಿಯ ಮುಚ್ಚಳ ತೆಗೆದು, ತಲೆ ಎತ್ತಿ, ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದಂತೆ ಗಟಗಟ ಕುಡಿದಳು. ನಾನು ರಸ್ತೆ ನೋಡುವುದು ಬಿಟ್ಟು ಅವಳನ್ನು ನೋಡುತ್ತಿದ್ದೆ. ಖಾಲಿ ಬಾಟಲಿಯನ್ನು ನನ್ನ ತೊಡೆಯ ಮೇಲಿಟ್ಟು, "ಮುಂದ ನೋಡಿ ಹೊಡೀರಿ" ಎಂದಳು. "ಮತ್ತ ಇನ್ನೊಂದ್ ಬಾಟ್ಲಿ ಎಲ್ಲಿ ಅದ ರೀ?"